ಬೆನ್ನು ನೆಲಕ್ಕೆ ತಾಗಿದ ಮೇಲೆ

ಕಲಬುರಗಿಯ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಮನೆಯಲ್ಲಿ, ನಾನು ಕಲಿತ ಮೊದಲ ಪಾಠ, ಬೆನ್ನು ನೆಲಕ್ಕೆ ತಾಗಬಾರದು ಎಂಬುದು. ಎರಡೂ ಭುಜ ಮಣ್ಣು ಮುಟ್ಟಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಬುಧಾಬಿಯಲ್ಲಿ ಜಿಯು-ಜಿಟ್ಸು ಎಂಬ ನೆಲದ ಮೇಲಿನ ಹೋರಾಟದ ತರಗತಿಗೆ ಸೇರಿದಾಗ ಬ್ರೆಜಿಲ್‌ನ ಗುರುಗಳು ಮೊದಲ ದಿನವೇ ನನ್ನನ್ನು ಅಂಗಾತ ಮಲಗಿಸಿದರು. ಮೇಲೆರಗಿದವನ ಸೊಂಟವನ್ನು ಎರಡೂ ಕಾಲುಗಳಿಂದ ಬಳಸಿ, ಅವನ ಬೆನ್ನ ಹಿಂದೆ ಪಾದಗಳಿಗೆ ಕತ್ತರಿ ಹಾಕಿಸಿದರು. ಇದಕ್ಕೆ ಗಾರ್ಡ್ ಎನ್ನುತ್ತಾರೆ. ಕೆಳಗಿರುವವನು ಅಲ್ಲಿಂದಲೇ ಎದುರಾಳಿಯ ಮೊಣಕೈ ಕೀಲನ್ನು ಬಂಧಿಸಬಲ್ಲ, ಅಂಗಿಯ ಕೊರಳಪಟ್ಟಿ ಹಿಡಿದು ಕುತ್ತಿಗೆ ಬಿಗಿಯಬಲ್ಲ.

ಮೊದಲ ತಿಂಗಳಿಡೀ ಬೀಳುವುದು, ಸೊಂಟ ಮಡಚಿ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುವುದು, ತಟ್ಟುವುದು, ಇಷ್ಟನ್ನೇ ಕಲಿತೆ. ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಸಲ ತಟ್ಟುವುದೆಂದರೆ "ಸಾಕು" ಎನ್ನುವುದು; ಅವನು ಆ ಕ್ಷಣವೇ ಹಿಡಿತ ಬಿಡಬೇಕು. ಈ ಒಂದು ನಿಯಮ ಕಂಡು ನನಗೆ ಗಂಟಲು ಕಟ್ಟಿತು.

ಹನ್ನೆರಡು ವರ್ಷದವನಿದ್ದಾಗ ನಮ್ಮ ಕಾಕಾ ನಸುಕಿನಲ್ಲೇ ಎಬ್ಬಿಸಿ ನನ್ನನ್ನು ತಾಲೀಮಿಗೆ ಕರೆದೊಯ್ಯುತ್ತಿದ್ದರು. ಒಂದು ದಿನ ನನಗಿಂತ ದೊಡ್ಡ ಹುಡುಗನೊಬ್ಬ ತೋಳು ತಿರುವಿ ಹಿಡಿದ. ಕಣ್ಣು ಕತ್ತಲಿಡುವಷ್ಟು ನೋವು. ಸಾಕು ಎಂದರೆ ಮಾನ ಹೋಗುತ್ತದೆಂದು ಹಲ್ಲು ಕಚ್ಚಿದೆ. ಭುಜದೊಳಗೆ ಏನೋ ಟಕ್ಕೆಂದಿತು, ಕೀಲು ಜಾರಿತ್ತು. ವಾರಗಟ್ಟಲೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗಿದೆ, ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಆ ಹುಡುಗನನ್ನು ನಾನು ದೂರುವುದಿಲ್ಲ, ಉಸ್ತಾದರನ್ನೂ ದೂರುವುದಿಲ್ಲ. ನೂರು ಪಟ್ಟುಗಳನ್ನು ಬಲ್ಲ ನಮ್ಮವರು ಸಾಕು ಎನ್ನುವುದನ್ನು ಒಂದು ಪಟ್ಟಾಗಿ ಕಲಿಸಲಿಲ್ಲ, ನನ್ನ ಕೊರಗು ಅಷ್ಟೇ.

ಹಾಗೆಂದು ತಾಲೀಮು ಕಡಿಮೆಯದು ಎಂದರೆ ಒಪ್ಪುವವನಲ್ಲ ನಾನು. ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿದ ಆ ಕೆಮ್ಮಣ್ಣನ್ನು ನಾವೇ ಗುದ್ದಲಿಯಿಂದ ಅಗೆದು ಹದ ಮಾಡುತ್ತಿದ್ದೆವು. ಅರ್ಧ ಸಾಮು ಅದರಲ್ಲೇ ಆಗುತ್ತಿತ್ತು. ರಾತ್ರಿ ಏನು ಉಂಡೆ, ಎಷ್ಟು ಹೊತ್ತಿಗೆ ಮಲಗಿದೆ ಎಂದು ಉಸ್ತಾದರು ದಿನವೂ ವಿಚಾರಿಸುತ್ತಿದ್ದರು. ಬಡವರ ಮಕ್ಕಳೇ ಹೆಚ್ಚಿದ್ದರು. ಇಲ್ಲಿ ಅಬುಧಾಬಿಯಲ್ಲಿ ತಿಂಗಳ ಶುಲ್ಕ ಕಟ್ಟಬೇಕು, ಗಂಟೆ ಮುಗಿದರೆ ಎಲ್ಲರೂ ಕಾರು ಹತ್ತುತ್ತಾರೆ.

ಆದರೆ ಹೊಸಬರಿಗೆ ಇಲ್ಲಿನ ಬಾಗಿಲು ಅಗಲ. ನಲವತ್ತರ ಗುಮಾಸ್ತ, ಹದಿನಾರರ ಹುಡುಗಿ, ಯಾರು ಬಂದರೂ ಸೊಂಟಕ್ಕೆ ಮೊದಲ ಹಂತದ ಬಿಳಿ ಪಟ್ಟಿ ಕಟ್ಟಿಕೊಂಡು ಶುರು ಮಾಡಬಹುದು. ನೀಲಿ, ನೇರಳೆ, ಕಂದು ದಾಟಿ ಕಪ್ಪು ಪಟ್ಟಿ ತಲುಪಲು ಹತ್ತು ವರ್ಷವೇ ಬೇಕಾದೀತು; ಯಾರಿಗೂ ಅವಸರವಿಲ್ಲ. ಈ ವಿದ್ಯೆಯೂ ಈ ಮರಳುನಾಡಿನದಲ್ಲ. 1914ರಲ್ಲಿ ಬ್ರೆಜಿಲ್‌ಗೆ ಹೋದ ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ ಕಲಿಸಿದ್ದನ್ನು ಗ್ರೇಸಿ ಮನೆತನದವರು ನೆಲದ ಮೇಲಿನ ಹೋರಾಟವಾಗಿ ಬೆಳೆಸಿದರು. 2008ರಲ್ಲಿ ಅಬುಧಾಬಿ ಅದನ್ನು ಶಾಲೆಗಳಿಗೆ ತಂದಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಇಷ್ಟು ದೂರದಿಂದ ಬಂದದ್ದು ಇಲ್ಲಿ ಬೇರೂರಿರುವಾಗ, ಕುಸ್ತಿಯ ನಂಟಿರುವ ಕಲಬುರಗಿಯಲ್ಲಿ ಯಾಕೆ ಆಗಬಾರದು? ಅಖಾಡದ ಪಕ್ಕದಲ್ಲೇ ಒಂದು ಮ್ಯಾಟ್ ಹಾಸಿ, ಸಂಜೆಯ ಒಂದು ಗಂಟೆ ಹೆಣ್ಣುಮಕ್ಕಳಿಗೆ, ಇನ್ನೊಂದು ಗಂಟೆ ತಡವಾಗಿ ಕಲಿಯಲು ಬರುವವರಿಗೆ ಬಿಡಲಿ ಎಂಬುದು ನನ್ನ ಆಸೆ.

ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ಅಣ್ಣನ ಮಗಳು ಇದನ್ನು ಕಲಿಸು ಎಂದು ಬಿಡಲಿಲ್ಲ. ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಅವ್ವ ಎರಡು ಕೌದಿ ಹಾಸಿಕೊಟ್ಟಳು. ಮೊದಲು ತಟ್ಟುವುದನ್ನೇ ಕಲಿಸಿದೆ. ಅವಳ ಮೊಣಕೈಯನ್ನು ಮೆಲ್ಲನೆ ನೇರ ಮಾಡುತ್ತ ಹೋದೆ; ಎಳೆತ ತಾಗುತ್ತಿದ್ದಂತೆ ನನ್ನ ತೊಡೆಗೆ ಎರಡು ಏಟು ಬಿತ್ತು. ಬಿಟ್ಟೆ. ಅವಳು ಎದ್ದು ಜಡೆ ಬಿಗಿದುಕೊಂಡು, "ಇನ್ನೊಮ್ಮೆ, ಕಾಕಾ" ಎಂದು ತಾನೇ ಅಂಗಾತ ಮಲಗಿದಳು.