ಊರಿಗೆ ಹೋಗಿ ಕಾಗದ ಬರೀತೀವಿ

2023ರ ಮಾರ್ಚ್ 16ಕ್ಕೆ ಗೇಟ್ ಪರೀಕ್ಷೆಯ, ಅಂದರೆ ಎಂ.ಟೆಕ್ ಸೇರೋಕೆ ಬರೆಯೋ ಪರೀಕ್ಷೆಯ, ಫಲಿತಾಂಶ ಬಂತು. ಅದಕ್ಕೆ ನಾಲ್ಕೇ ದಿನ ಮೊದಲು ಹುಬ್ಬಳ್ಳಿಯಲ್ಲಿ ಪ್ರಪಂಚದ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿತ್ತು. ಇವೆರಡಕ್ಕೂ ಏನು ಸಂಬಂಧ ಅಂತ ನಾನೂ ಅಂದುಕೊಂಡಿದ್ದೆ. ನನ್ನ ಸೋದರಮಾವ ಹುಬ್ಬಳ್ಳಿಯವರು ಅನ್ನೋದು ಆಗ ನೆನಪಾಗಲಿಲ್ಲ.

ಅಂಕ ಪರವಾಗಿಲ್ಲ ಅನ್ನೋ ಹಾಗಿತ್ತು. ಅದೇ ತೊಂದರೆ. ತುಂಬಾ ಚೆನ್ನಾಗಿ ಬಂದಿದ್ದರೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕಣ್ಣು ಮುಚ್ಚಿಕೊಂಡು ಸೇರಬಹುದಿತ್ತು. ತೀರಾ ಕಡಿಮೆ ಬಂದಿದ್ದರೆ ಕೆಲಸ ಹುಡುಕಬಹುದಿತ್ತು. ನಡುವೆ ಸಿಕ್ಕಿಬಿದ್ದವನಿಗೇ ಈ ಆರಿಸೋ ಕಾಟ. ಮೆಕ್ಯಾನಿಕಲ್ ಎಂ.ಟೆಕ್‌ಗೆ ಕೊನೆಗೆ ನನ್ನ ಮುಂದೆ ಉಳಿದಿದ್ದು ಎರಡು: ಐಐಟಿ ಖರಗ್‌ಪುರ ಮತ್ತು ನಮ್ಮ ಸುರತ್ಕಲ್‌ನ ಎನ್‌ಐಟಿಕೆ.

ಐಐಟಿಗಳ ಸೀಟು ಹಂಚೋ ಪೋರ್ಟಲ್ಲಿಗೆ ಬಾಯಲ್ಲಿ ಕೋಪ್ ಅಂತಾರೆ. ಕೊನೆಗೊಂದು ಅಕಾರ ಸೇರಿಸಿದರೆ ಆ ಎರಡು ತಿಂಗಳು ನಮ್ಮ ಮನೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಆಫರ್ ಬಂದಾಗ ಅಲ್ಲಿ ಮೂರು ಬಟನ್. ಆಕ್ಸೆಪ್ಟ್ ಅಂಡ್ ಫ್ರೀಜ್ ಒತ್ತಿದರೆ ಕಥೆ ಮುಗಿಯಿತು. ರಿಜೆಕ್ಟ್ ಅಂಡ್ ವೇಯ್ಟ್ ಒತ್ತಿದರೆ ಕೈಯಲ್ಲಿದ್ದದ್ದೂ ಹೋಯಿತು. ಮೂರನೆಯದು ರಿಟೇನ್ ಅಂಡ್ ವೇಯ್ಟ್. ಇದನ್ನು ಇಟ್ಟುಕೊಂಡಿರ್ತೀನಿ, ಇನ್ನೂ ಒಳ್ಳೇದು ಬರುತ್ತಾ ನೋಡ್ತೀನಿ ಅಂತ. ನಮ್ಮಜ್ಜಿಗೆ ಇದನ್ನು ಬಿಡಿಸಿ ಹೇಳೋಕೆ ಹೋದೆ. ಅರ್ಧಕ್ಕೇ ತಡೆದರು.

“ಗೊತ್ತಾಯ್ತು ಬಿಡೋ. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೀತೀವಿ ಅನ್ನೋದು.”

ಎನ್‌ಐಟಿಗಳಿಗೆ ಸಿಸಿಎಂಟಿ ಅಂತ ಬೇರೆಯೇ ಪೋರ್ಟಲ್. ಅಲ್ಲೂ ಫ್ರೀಜ್, ಫ್ಲೋಟ್, ಸ್ಲೈಡ್ ಅಂತ ಅದೇ ಥರದ ಮೂರು ಬಟನ್. “ಇಬ್ಬಿಬ್ಬರು ದಲ್ಲಾಳಿಗಳನ್ನು ಇಟ್ಟುಕೊಂಡಿದ್ದೀಯ, ಇಬ್ಬರಿಗೂ ಗೊತ್ತಾದ್ರೆ ಮರ್ಯಾದೆ ಇರಲ್ಲ” ಅಂತ ಅಜ್ಜಿ ಎಚ್ಚರಿಸಿದರು.

ಎಂಜಿನಿಯರ್ ಅಲ್ವಾ, ನಾನು ಎಕ್ಸೆಲ್ ತೆರೆದೆ. ಸ್ಟೈಪೆಂಡ್ ಕಾಲಂ ಹಾಕಿದೆ. ಎರಡೂ ಕಡೆ ತಿಂಗಳಿಗೆ 12,400 ರೂಪಾಯಿ, ಅದು ದಂಡ. ಹೆಸರು, ಪ್ಲೇಸ್‌ಮೆಂಟ್, ದೂರ, ಹವೆ ಎಲ್ಲಕ್ಕೂ ಅಂಕ ಕೊಟ್ಟೆ. ಸುರತ್ಕಲ್ ಗೆದ್ದಿತು. ಕ್ಯಾಂಪಸ್ಸಿಗೆ ಅಂಟಿಕೊಂಡೇ ಇರೋ ಬೀಚಿಗೆ ನಾನು ನೂರಕ್ಕೆ 40 ಕೊಟ್ಟಿದ್ದೆ. ನಾಚಿಕೆಯಾಗಿ ಅದನ್ನು ಐದಕ್ಕಿಳಿಸಿದೆ. ಖರಗ್‌ಪುರ ಗೆದ್ದಿತು. ಅದೂ ಸಮಾಧಾನವಾಗದೆ ಊಟ ಅಂತ ಒಂದು ಕಾಲಂ ಸೇರಿಸಿ, ಹೋಲಿಕೆಗೆ ಇರಲಿ ಅಂತ ನಮ್ಮ ಮನೆಯನ್ನೂ ಹಾಕಿದೆ. ದಾವಣಗೆರೆಯೇ ಮೊದಲು ಬಂತು. ಏನು ಓದಬೇಕು ಅನ್ನೋ ಕಾಲಂ ಹಾಕಿಯೇ ಇಲ್ಲ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

ಅಮ್ಮನ ಓಟು ಸುರತ್ಕಲ್‌ಗೆ. ನನ್ನನ್ನು ನೋಡೋ ನೆವದಲ್ಲಿ ಕಟೀಲಿಗೂ ಹೋಗಿ ಬರಬಹುದಂತೆ. ಅಪ್ಪ ಖರಗ್‌ಪುರದ ಪರ ಇದ್ದರು, ಅದರ ಚರಿತ್ರೆ ಓದೋ ತನಕ. ದೇಶದ ಮೊದಲ ಐಐಟಿ ಅದು. 1951ರಲ್ಲಿ ಶುರುವಾಗಿದ್ದು ಹಿಜಲಿಯ ಬಂದೀಖಾನೆಯ ಕಟ್ಟಡದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ. “ನಾಲ್ಕು ವರ್ಷ ಆಯ್ತಲ್ಲೋ, ಇನ್ನೆರಡು ವರ್ಷ ಶಿಕ್ಷೆ ನೀನೇ ಕೇಳಿ ಹಾಕಿಸ್ಕೊಂಡ್ಯಾ?” ಅಂದರು.

ಆಗ ಮಾವ ಫೋನ್ ಮಾಡಿದರು. ಖರಗ್‌ಪುರ ಅಂದರೆ ಗೊತ್ತಾಗಲಿ ಅಂತ, ಒಂದು ಕಾಲಕ್ಕೆ ಪ್ರಪಂಚದಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದ್ದ ಊರು ಅಂದುಬಿಟ್ಟೆ. ಅನ್ನಬಾರದಿತ್ತು.

“ಎಷ್ಟು ಉದ್ದ?”

“1,072 ಮೀಟರ್, ಮಾವ.”

“ನಮ್ಮದು 1,507! ಉದ್ದಂದು ಬಿಟ್ಟು ಗಿಡ್ಡಂದಕ್ಕ ಯಾಕ ಹೊಂಟಿ ಅಳಿಯಾ? ಧಾರವಾಡ ಐಐಟಿಗೆ ಬಾ. ಅದರ ಹೊಸ ಕ್ಯಾಂಪಸ್ಸೂ ಅವತ್ತ ಉದ್ಘಾಟನಿ ಆಗೇತಿ. ಮನ್ಯಾಗ ಇರು, ರೊಟ್ಟಿ ತಿನ್ನು, ಓದು.”

ಧಾರವಾಡಕ್ಕೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಅದನ್ನು ಹೇಳೋ ಧೈರ್ಯ ಇವತ್ತಿಗೂ ಬಂದಿಲ್ಲ.

ಕೊನೆಗೆ ಖರಗ್‌ಪುರದಲ್ಲಿ ಓದುತ್ತಿದ್ದ ಸೀನಿಯರ್ ಒಬ್ಬನಿಗೆ ಹದಿನಾಲ್ಕು ಪ್ರಶ್ನೆ ಬರೆದು ಕಳಿಸಿದೆ. ಲ್ಯಾಬ್ ಹೇಗೆ, ಗೈಡ್ ಹೇಗೆ, ಸುರತ್ಕಲ್ ಬಿಟ್ಟು ಬಂದರೆ ತಪ್ಪಾಗುತ್ತಾ, ಹೀಗೆ. ಎರಡು ದಿನ ಬಿಟ್ಟು ಒಂದೇ ಸಾಲು ಬಂತು: “ಬಂದ ತಕ್ಷಣ ಸೈಕಲ್ ತಗೋ. ಕ್ಯಾಂಪಸ್ 2,100 ಎಕರೆ ಇದೆ.” ನಾನು ಬರ್ತೀನಿ ಅಂತ ಅವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಸದ್ಯ, ಯಾರೋ ಒಬ್ಬರು ಮಾಡಿದರಲ್ಲ ಅನ್ನಿಸಿತು. ಅವತ್ತೇ ಫ್ರೀಜ್ ಒತ್ತಿದೆ.

ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹಿಡಿದರೆ ನೇರ ಖರಗ್‌ಪುರ. ಅಮ್ಮ ಎರಡು ವರ್ಷಕ್ಕಾಗುವಷ್ಟು ಶೇಂಗಾ ಚಟ್ನಿಪುಡಿ ಡಬ್ಬಿಗೆ ತುಂಬಿದ್ದರು. ಅಷ್ಟು ದಿನ ಇದು ಕೆಡಲ್ವಾ ಅಂತ ಕೇಳಿದ್ದಕ್ಕೆ, ಕೆಡೋವರೆಗೂ ನೀನು ಬಿಟ್ಟಿರ್ತೀಯಾ ಅಂದರು. ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಅಪ್ಪ ಅಮ್ಮ ಸಾಮಾನಿನ ಜೊತೆ ಒಂದು ಕಡೆ ಕೂತರು. ಮಾವ ನನ್ನ ಭುಜ ಹಿಡಿದರು.

“ಹೋಗೂಕಿಂತ ಮೊದಲ ನಮ್ಮ ಪ್ಲಾಟ್‌ಫಾರ್ಮ್ ಒಂದ್ಸಲ ನೋಡಿ ಹೋಗು. ಈ ತುದಿಯಿಂದ ಆ ತುದಿ.”

ಚಟ್ನಿಪುಡಿ ಡಬ್ಬಿ ಕೈಯಲ್ಲೇ ಇತ್ತು. ಯಾಕೆ ಇಟ್ಟು ಹೋಗಲಿಲ್ಲ ಅಂತ ಕೇಳಬೇಡಿ. ನಡೆದೆವು, ನಡೆದೆವು. ಕಂಬಗಳು ಬರುತ್ತಲೇ ಇದ್ದವು. ಮಾವ ದಾರಿಯುದ್ದಕ್ಕೂ ಗೈಡಿನ ಹಾಗೆ ಅಳತೆ ಹೇಳುತ್ತಿದ್ದರು. ಆ ತುದಿ ಮುಟ್ಟಿ ಒಂದು ಸೆಲ್ಫಿ ತೆಗೆಯೋ ಹೊತ್ತಿಗೆ ಅನೌನ್ಸ್‌ಮೆಂಟ್ ಕೇಳಿಸಿತು. ನನ್ನ ರೈಲು ಬರ್ತಾ ಇದೆ. ಬೇರೆ ಪ್ಲಾಟ್‌ಫಾರ್ಮಿಗೆ.

ಓಡಿದೆವು. ಡಬ್ಬಿ ಒಂದು ಕೈಯಲ್ಲಿ, ಮಾವ ಇನ್ನೊಂದು ಕೈಯಲ್ಲಿ. ಅರ್ಧ ದಾರಿಯಲ್ಲಿ ಮಾವ ನಿಂತೇಬಿಟ್ಟರು. ಮೊಣಕಾಲ ಮೇಲೆ ಕೈಯೂರಿ, ಉಸಿರು ಎಳೆದುಕೊಂಡು, ಮುಂದೆ ಇನ್ನೂ ಉಳಿದಿದ್ದ ಪ್ಲಾಟ್‌ಫಾರ್ಮನ್ನು ಒಂದು ಸಲ ನೋಡಿದರು.

“ಸ್ವಲ್ಪ ಜಾಸ್ತೀನ ಉದ್ದ ಕಟ್ಟ್ಯಾರ ನೋಡು ಅಳಿಯಾ. ನೀ ಓಡು.”