ಪಗಾರ ಕೊಟ್ಟು ದ್ರಾಕ್ಷಿ ತುಳಿದ ಪ್ರಸಂಗ

ಪೋರ್ಚುಗಲ್ಲಿನ ಡೌರೊ ಕಣಿವೆಯ ರೈತರು 2025ರ ಕೊಯ್ಲಿನಲ್ಲಿ, ದ್ರಾಕ್ಷಿ ರಸಕ್ಕೆ ಬ್ರಾಂದಿ ಬೆರೆಸಿ ಮಾಡುವ ಪೋರ್ಟ್ ವೈನಿಗೆಂದು 75,000 ಪೀಪಾಯಿಗಿಂತ ಹೆಚ್ಚು ರಸ ತೆಗೆದಿಡುವಂತಿಲ್ಲ ಎಂಬ ಅಪ್ಪಣೆ, ಕುಡಿಯುವವರು ಕಡಿಮೆಯಾಗಿ ಗೋದಾಮು ತುಂಬಿತೆಂಬ ಕಾರಣಕ್ಕೆ, ಹೊರಟಿತ್ತು. ಅದನ್ನು ಇಲ್ಲಿ ಮೊದಲಿನಿಂದ ಬಿಡಿಸಿ ಹೇಳಲು ಹೋಗುವುದಿಲ್ಲ. ನಾನು ಹೇಳಹೊರಟಿರುವುದು, ಅದೇ ಕೊಯ್ಲಿನ ಕಾಲದಲ್ಲಿ, ಅದೇ ಕಣಿವೆಯಲ್ಲಿ, ನಾನೂ ನನ್ನ ಹೆಂಡತಿಯೂ ಕೈಯಿಂದ ದುಡ್ಡು ತೆತ್ತು ಕೂಲಿ ಮಾಡಿ ಬಂದ ಸಂಗತಿಯನ್ನು.

ನಾವು ಇಳಿದುಕೊಂಡದ್ದು ಒಂದು ‘ಸೊಲಾರ್’ನಲ್ಲಿ. ಬೆಂಗಳೂರಿನ ಮನೆಯ ತಾರಸಿಯ ಮೇಲೆ ಹತ್ತು ವರ್ಷದಿಂದ ಸೋಲಾರ್ ಕೂರಿಸಿಕೊಂಡಿರುವ ನನ್ನಾಕೆ ಕೋಣೆ ಕಾಯ್ದಿರಿಸುವಾಗ ಆ ಹೆಸರು ನೋಡಿ, ಬಿಸಿನೀರಿನ ಚಿಂತೆ ತೀರಿತೆಂದು ಸಂತೋಷಪಟ್ಟಿದ್ದಳು. ಪೋರ್ಚುಗೀಸಿನಲ್ಲಿ ಸೊಲಾರ್ ಎಂದರೆ ಕುಲೀನ ಮನೆತನದ ಹಳೆಯ ವಾಡೆ. ಅದಕ್ಕೂ ಬಿಸಿನೀರಿಗೂ ಯಾವ ಸಂಬಂಧವೂ ಇಲ್ಲವೆಂಬುದು ಮೊದಲ ಬೆಳಿಗ್ಗೆಯೇ, ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದ ಹೊತ್ತಿನಲ್ಲಿ, ನಮಗೆ ತಿಳಿದುಬಂತು. ಈ ಸೀಮೆಯ ಹವೆಯ ಬಗ್ಗೆ ಅಲ್ಲಿನವರದೇ ಒಂದು ಮಾತಿದೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ. ಆರಡಿ ದಪ್ಪದ ಕಲ್ಲುಗೋಡೆಗಳು ಆ ನರಕವನ್ನು ಹೊರಗೇ ತಡೆದು, ಒಂಬತ್ತು ತಿಂಗಳ ಚಳಿಯನ್ನು ಮಾತ್ರ ಭದ್ರವಾಗಿ ಒಳಗಿಟ್ಟುಕೊಂಡಿದ್ದವು.

ವಾಡೆಯ ಒಡತಿ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡು, ಅಂಗೈಯಷ್ಟು ಉದ್ದದ ಕಬ್ಬಿಣದ ಬೀಗದ ಕೈಯನ್ನು ಕೊಡುತ್ತಾ ‘ಶಾವ್’ ಎಂದರು. ಹುಬ್ಬಳ್ಳಿಯಲ್ಲಿ ಬಾಲ್ಯ ಕಳೆದ ನಾನು ‘ಚಾವಿ’ ಎಂದೆ. ಅವರಿಗೆ ಬಲು ಆನಂದವಾಯಿತು. ಕೋಣೆಗೆ ಹೋದ ಮೇಲೆ ಮೇಜು, ಅಲಮಾರು ಎಂದು ನಾನು ಒಂದೊಂದನ್ನೇ ಬೆರಳು ಮಾಡಿ ಹೆಸರಿಸುತ್ತ ಹೋದಂತೆ, ತಮ್ಮ ಪೂರ್ವಜರು ನಮ್ಮ ಕರಾವಳಿಯಲ್ಲಿ ಬಿಟ್ಟುಬಂದದ್ದು ಬರೀ ಪೀಠೋಪಕರಣಗಳನ್ನೇ ಎಂಬ ತೃಪ್ತಿ ಅವರ ಮುಖದಲ್ಲಿ ಮೂಡಿತು. ಉಳ್ಳಾಲದ ಅಬ್ಬಕ್ಕನ ಮಾತನ್ನು ನಾನು ತೆಗೆಯಲಿಲ್ಲ. ತಿಂಡಿ ಬಾಡಿಗೆಯಲ್ಲಿ ಸೇರಿತ್ತು.

ಕೋಣೆಯಲ್ಲಿ ಒಂದು ಕುರ್ಚಿಯಿತ್ತು. ಅದರ ಎರಡು ಕೈಗಳ ನಡುವೆ ಕೆಂಪು ರಿಬ್ಬನ್ ಕಟ್ಟಿ, ಇದು ಹದಿನೆಂಟನೆಯ ಶತಮಾನದ್ದು, ದಯವಿಟ್ಟು ಕುಳಿತುಕೊಳ್ಳಬಾರದು ಎಂದು ಚೀಟಿ ಅಂಟಿಸಿದ್ದರು. ಅಲಮಾರಿನ ಬಾಗಿಲು ತೆಗೆಯಬಾರದಿತ್ತು, ಮೇಜಿನ ಮೇಲೆ ಲೋಟ ಇಡಬಾರದಿತ್ತು, ಮಂಚವು ಗಿಡ್ಡನೆಯ ಪೂರ್ವಜನೊಬ್ಬನ ಅಳತೆಗೆ ಮಾಡಿದ್ದಾದ್ದರಿಂದ ಕಾಲು ಚಾಚಬಾರದಿತ್ತು. ಹೀಗೆ ಕೂರದೆ, ತೆಗೆಯದೆ, ಇಡದೆ, ಚಾಚದೆ ಮೂರು ರಾತ್ರಿ ಕಳೆಯುವ ಹಕ್ಕಿಗಾಗಿ ನಾವು ಕೊಟ್ಟ ಹಣದಲ್ಲಿ ಬೆಂಗಳೂರಿನಲ್ಲಿ ಅಂಥ ನಾಲ್ಕು ಕುರ್ಚಿಗಳನ್ನು ಮಾಡಿಸಿ ನಾಲ್ಕರ ಮೇಲೂ ಕೂರಬಹುದಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿದ್ದ, ಬ್ಯಾರನ್ನಿಗಿಂತ ಒಂದು ಮೆಟ್ಟಿಲು ಮೇಲಿನ ‘ವೈಕೌಂಟ್’ ಪದವಿಯ ಮಹಾಶಯ ಮಾತ್ರ ಎಣ್ಣೆಬಣ್ಣದಲ್ಲಿ ಅದೇ ಕುರ್ಚಿಯ ಮೇಲೆ ಆರಾಮಾಗಿ ಕುಳಿತು, ನಾವು ಬಟ್ಟೆ ಬದಲಿಸುವುದನ್ನು ಮೂರು ದಿನವೂ ಎವೆಯಿಕ್ಕದೆ ನೋಡಿದರು.

ಈ ಪದವಿಗಳ ಕಥೆಯೇ ಸೊಗಸಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ಸರ್ಕಾರಗಳು ಪದವಿಗಳನ್ನು ನಾವು ರಾಜ್ಯೋತ್ಸವ ಪ್ರಶಸ್ತಿ ಹಂಚುವ ಔದಾರ್ಯದಲ್ಲೇ ಹಂಚಿದ್ದವು. ಅದನ್ನು ಕಂಡ ಜನ ಕಟ್ಟಿದ ಗಾದೆ ಇಂದಿಗೂ ಉಳಿದಿದೆ: “ಓಡೋ ನಾಯಿ, ನಿನ್ನನ್ನು ಬ್ಯಾರನ್ ಮಾಡಿಬಿಟ್ಟಾರು!” ಅದಕ್ಕೆ ನಾಯಿಯ ಉತ್ತರ: “ಎಲ್ಲಿಗೆಂದು ಓಡಲಿ, ವೈಕೌಂಟನನ್ನೇ ಮಾಡಿದರೆ?” 1910ರಲ್ಲಿ ಗಣರಾಜ್ಯ ಬಂದು ಪದವಿಗಳನ್ನೆಲ್ಲ ರದ್ದುಗೊಳಿಸಿತು. ರದ್ದಾದ ಪದವಿ ಒಂದು ಶತಮಾನದ ನಂತರ ಕೋಣೆಯ ಬಾಗಿಲಿನ ಮೇಲೆ ಹಿತ್ತಾಳೆಯ ಫಲಕವಾಗಿ ಮರಳಿ ಬಂದು, ಪಕ್ಕದ ಸಾದಾ ಕೋಣೆಗಿಂತ ಹೆಚ್ಚಿನ ಬಾಡಿಗೆ ದುಡಿಯುತ್ತದೆಂದು ಆ ಗಣರಾಜ್ಯವಾದಿಗಳಿಗೆ ತಿಳಿದಿದ್ದರೆ ಇಷ್ಟು ಶ್ರಮ ಪಡುತ್ತಿರಲಿಲ್ಲವೇನೋ.

ಆ ಕಾಲದಲ್ಲಿ ಬ್ಯಾರನ್ ಆದವರಲ್ಲಿ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿಯೂ ಒಬ್ಬ. ಡೌರೊ ನದಿಯ ನಕ್ಷೆ ಬರೆದವನು. ಪೋರ್ಟ್ ವೈನಿಗೆ ಬ್ರಾಂದಿ ಬೆರೆಸುವುದೇ ತಪ್ಪು ಎಂದು ವಾದಿಸಿ ಎಲ್ಲರ ದ್ವೇಷ ಕಟ್ಟಿಕೊಂಡವನು. 1861ರಲ್ಲಿ ವಲೇಯ್ರಾ ಎಂಬಲ್ಲಿನ ಸುಳಿಗೆ ಸಿಕ್ಕಿ ದೋಣಿ ಮಗುಚಿದಾಗ ಅವನು ಮುಳುಗಿ ಸತ್ತ. ಅದೇ ದೋಣಿಯಲ್ಲಿದ್ದ ದೊಡ್ಡ ಜಮೀನುದಾರಿಣಿ ದೋನಾ ಅಂತೋನಿಯಾ ಫೆರೇಯ್ರಾ ಬದುಕಿದರು. ಆಕೆಯನ್ನು ಅಗಲವಾದ ಲಂಗ ತೇಲಿಸಿತು, ಅವನನ್ನು ಸೊಂಟಕ್ಕೆ ಕಟ್ಟಿದ್ದ ಹಣದ ಪಟ್ಟಿ ಮುಳುಗಿಸಿತು ಎಂಬುದು ಅಲ್ಲಿನ ಪ್ರತಿಯೊಬ್ಬ ಗೈಡೂ ಹೇಳುವ ಕಥೆ. ಇಂದಿನ ಪ್ರವಾಸಿಗೆ ಆ ಅಪಾಯವಿಲ್ಲ. ಅವನು ದೋಣಿ ಹತ್ತುವಷ್ಟರಲ್ಲಿ ಸೊಂಟದ ಹಣವೆಲ್ಲ ಖಾಲಿಯಾಗಿರುತ್ತದೆ.

ಖಾಲಿಯಾದದ್ದು ಹೇಗೆಂದರೆ, ಎರಡನೆಯ ದಿನ ಒಡತಿ ನಮ್ಮ ಮುಂದೆ ‘ಕೊಯ್ಲಿನ ಅನುಭವ’ ಎಂಬ ಪಟ್ಟಿಯಿಟ್ಟರು. ಬೆಳಿಗ್ಗೆ ಒಂದು ಗಂಟೆ ದ್ರಾಕ್ಷಿ ಕೊಯ್ಯುವುದು, ಸಂಜೆ ಅದನ್ನು ಕಾಲಿನಿಂದ ತುಳಿಯುವುದು, ಕೊನೆಗೆ ಪ್ರಮಾಣಪತ್ರ. ಕತ್ತರಿಯನ್ನೂ ಒಣಹುಲ್ಲಿನ ಟೋಪಿಯನ್ನೂ ಅವರೇ ಕೊಡುತ್ತಾರೆ. ಕೊಯ್ದ ದ್ರಾಕ್ಷಿಯನ್ನೂ ಅವರೇ ಇಟ್ಟುಕೊಳ್ಳುತ್ತಾರೆ. ದುಡ್ಡು ನಮ್ಮದು. ದುಡ್ಡು ಕೊಡುವುದಕ್ಕೆ ಆ ಭಾಷೆಯಲ್ಲಿ ‘ಪಗಾರ್’ ಎನ್ನುತ್ತಾರೆ. ಅಲಮಾರು, ಚಾವಿಗಳ ಜೊತೆ ಅದೇ ಹಡಗಿನಲ್ಲಿ ಬಂದ ಶಬ್ದವನ್ನು ನಾವು ಕೈಗೆ ಬರುವ ಹಣಕ್ಕೆ ಬಳಸುತ್ತಾ, ತಿಂಗಳ ಮೊದಲ ತಾರೀಖಿಗೆ ಕಾಯುತ್ತಾ ಬಂದಿದ್ದೇವೆ. ನಾನೂರು ವರ್ಷದ ಈ ತಪ್ಪನ್ನು ಒಡತಿ ಒಂದೇ ಸಂಜೆಯಲ್ಲಿ ತಿದ್ದಿದರು.

ತುಳಿಯುವ ತೊಟ್ಟಿ ಗ್ರಾನೈಟಿನದು, ತೊಡೆಯ ಎತ್ತರ. ಕ್ರಮದಂತೆ ಕೂಲಿಯಾಳುಗಳು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತು, ಮೇಸ್ತ್ರಿ ಎಡ ಬಲ ಎಂದು ಕೂಗಿದಂತೆ ಸುಮಾರು ಎರಡು ಗಂಟೆ ಸಿಪಾಯಿಗಳ ಹಾಗೆ ಹೆಜ್ಜೆ ಹಾಕಬೇಕು. ಅದು ಮುಗಿದ ಮೇಲೆ ‘ಲಿಬರ್ದಾದ್’, ಅಂದರೆ ಸ್ವಾತಂತ್ರ್ಯ, ಎಂದು ಘೋಷಣೆಯಾಗುತ್ತದೆ. ಆಗ ಸಾಲು ಮುರಿದು, ಅಕಾರ್ಡಿಯನ್ನಿನ ತಾಳಕ್ಕೆ ಮನಬಂದಂತೆ ಕುಣಿಯಬಹುದು, ಆದರೆ ತೊಟ್ಟಿಯ ಒಳಗೇ. ಸ್ವಾತಂತ್ರ್ಯದ ಇದಕ್ಕಿಂತ ಖಚಿತವಾದ ವ್ಯಾಖ್ಯೆಯನ್ನು ನಾನು ಯಾವ ಸಂವಿಧಾನದಲ್ಲಿಯೂ ಓದಿಲ್ಲ. ನಮ್ಮಂಥ ಅತಿಥಿಗಳಿಗೆ ಎರಡು ಗಂಟೆಯ ಕವಾಯತು ಮಾಫಿ. ನೇರವಾಗಿ ಸ್ವಾತಂತ್ರ್ಯಕ್ಕೆ ಇಳಿಸಿ, ಇಪ್ಪತ್ತು ನಿಮಿಷದಲ್ಲಿ ಫೋಟೊ ತೆಗೆದು, ಮೇಲಕ್ಕೆ ಕರೆದು ಕಾಲಿಗೆ ನೀರು ಹಾಕುತ್ತಾರೆ. ನೀರು ತಣ್ಣಗಿತ್ತು. ನನ್ನ ಪಾದಗಳು ಒಂದು ವಾರ ನೇರಳೆ ಹಣ್ಣಿನ ಬಣ್ಣದಲ್ಲಿದ್ದವು.

ದ್ರಾಕ್ಷಿ ತೋಟವಿರುವ ಇಂಥ ವಾಡೆಗಳನ್ನು ಅಲ್ಲಿ ‘ಕಿಂಟಾ’ ಎನ್ನುವುದೂ ಉಂಟು. ಆ ಶಬ್ದದ ಹಿಂದಿರುವುದು ಐದನೆಯ ಒಂದು ಪಾಲು. ಒಕ್ಕಲು ಒಡೆಯನಿಗೆ ಅಳೆಯುತ್ತಿದ್ದ ಗೇಣಿ. ಎಂಥ ಪ್ರಾಮಾಣಿಕ ಹೆಸರು! 550 ಲೀಟರಿನ ಪೀಪಾಯಿಯೊಂದರಲ್ಲಿ 435 ಲೀಟರ್ ದ್ರಾಕ್ಷಿ ರಸ, 115 ಲೀಟರ್ ಬ್ರಾಂದಿ ಎಂಬುದು ಪೋರ್ಟ್ ವೈನಿನ ವಾಡಿಕೆಯ ಲೆಕ್ಕ. ಅಲ್ಲಿಯೂ ಐದನೆಯ ಒಂದು ಪಾಲಿನಷ್ಟು ಬೇರೆಯವರದೇ. ಏಕೆಂದರೆ ಆ ಬ್ರಾಂದಿ ಹೆಚ್ಚಾಗಿ ಈ ಕಣಿವೆಯ ದ್ರಾಕ್ಷಿಯದಲ್ಲ, ಹೊರಗಿನಿಂದ ತರಿಸಿದ್ದು. ನಮ್ಮ ದ್ರಾಕ್ಷಿ ಕೊಳ್ಳುವವರಿಲ್ಲದೆ ಉಳಿದಿರುವಾಗ ಅದನ್ನಾದರೂ ಬಟ್ಟಿ ಇಳಿಸಿರಿ ಎಂದು ರೈತರು ಕೇಳುತ್ತಲೇ ಇದ್ದಾರೆ.

ಇಲ್ಲಿಗೆ ಬಂದಾಗ ನನಗೆ ತಮಾಷೆ ಸಾಕಾಗುತ್ತದೆ. ಪೋರ್ಟ್ ವೈನಿಗೆ ಅಪ್ಪಣೆಯಾದ ಮಿತಿ 2023ರಲ್ಲಿ 1,04,000 ಪೀಪಾಯಿ, 2024ರಲ್ಲಿ 90,000, 2025ರಲ್ಲಿ 75,000. ಪೋರ್ಟ್ ಕುಡಿಯುವವರು ಕಡಿಮೆಯಾದರು, ಗೋದಾಮು ತುಂಬಿದೆ ಎಂಬುದು ಸುಳ್ಳಲ್ಲ. ಆದರೆ ಆ ಮಿತಿಯ ಒಳಗೆ ಬಾರದ ದ್ರಾಕ್ಷಿ ಅದೇ ಬಳ್ಳಿಯದು, ಅದೇ ಕಡಿದಾದ ಇಳಿಜಾರಿನಲ್ಲಿ ಅದೇ ಬೆನ್ನುಗಳು ಹೊತ್ತು ತರುವಂಥದು, ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ. ಎರಡು ಎಕರೆ, ಮೂರು ಎಕರೆಯ ಮುದುಕ ಮುದುಕಿಯರು ಕೊಯ್ಲಿನ ಕೂಲಿಗೂ ಗಿಟ್ಟದೆ ಗೊನೆಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟಿದ್ದಾರೆ. ಆ ಬಳ್ಳಿಗಳಿಂದ ಕೂಗಳತೆಯಲ್ಲಿ ನಾನು ಟೋಪಿ ಹಾಕಿಕೊಂಡು, ದುಡ್ಡು ಕೊಟ್ಟು, ನಗುತ್ತಾ ದ್ರಾಕ್ಷಿ ಕೊಯ್ದೆ. 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯೆಂದು ಹೊಗಳಿದ ಈ ಮೆಟ್ಟಿಲುಗದ್ದೆಗಳನ್ನು ಕಟ್ಟಿದವರ ಮೊಮ್ಮಕ್ಕಳು ಅದನ್ನು ನೋಡಿಕೊಂಡು ಸುಮ್ಮನಿದ್ದರು.

ಹೊರಡುವ ದಿನ ಬೆಳಿಗ್ಗೆ ಗೇಟಿನ ಬಳಿ ಕೊಯ್ಲಿನ ಆಳುಗಳ ಒಂದು ವ್ಯಾನ್ ನಿಂತಿತ್ತು. ಊರಿನ ಯುವಕರು ಪೋರ್ತೊ, ಪ್ಯಾರಿಸ್ ಸೇರಿದ ಮೇಲೆ ಈ ಕೆಲಸಕ್ಕೆ ಬರುತ್ತಿರುವವರಲ್ಲಿ ನಮ್ಮ ಕಡೆಯವರೂ ನೇಪಾಳದವರೂ ಸೇರಿದ್ದಾರೆ. ಅವರಲ್ಲೊಬ್ಬ ಹುಡುಗ ಚಪ್ಪಲಿಯೊಳಗಿನ ನನ್ನ ನೇರಳೆ ಪಾದಗಳನ್ನು ನೋಡಿ, ತನ್ನಂಥವನೇ ಒಬ್ಬ ಸಿಕ್ಕನೆಂಬ ಸಲಿಗೆಯಿಂದ, ಇಲ್ಲಿ ತುಳಿಯುವುದಕ್ಕೆ ದಿನಕ್ಕೆ ಎಷ್ಟು ಪಗಾರ ಎಂದು ಹಿಂದಿಯಲ್ಲಿ ಕೇಳಿದ. ನಾವೇ ಕೊಟ್ಟೆವು ಎಂದೆ. ನನ್ನ ಹುಬ್ಬಳ್ಳಿ ಹಿಂದಿ ಕೈಕೊಟ್ಟಿತೆಂದು ತಿಳಿದ ಅವನು, ಈ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ.