ಮೂರನೇ ಸಿಲಿಂಡರಿನ ಪಾಡು

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ನೀರು ಹಾಕಲು ಹೊರಟವರು ಬೇಸ್ತು ಬೀಳುತ್ತಾರೆ. ಮುಂದಿನ ಬಾನೆಟ್ ಎತ್ತಿದರೆ ಕಾಣುವುದು ಸ್ಟೆಪ್ನಿ ಮತ್ತು ಪೆಟ್ರೋಲ್ ಟ್ಯಾಂಕು. ಎಂಜಿನ್ ಹಿಂದಿದೆ. ಅದಕ್ಕೆ ರೇಡಿಯೇಟರ್ ಇಲ್ಲ, ವಾಟರ್ ಪಂಪಿಲ್ಲ, ಒಡೆದುಹೋಗಲು ಹೋಸ್ ಪೈಪೂ ಇಲ್ಲ. ಹಾಗಂತ ಅದಕ್ಕೆ ಸೆಕೆಯಾಗುವುದಿಲ್ಲ ಎಂದಲ್ಲ. ನೀರು ಮಾಡಬೇಕಾದ ಕೆಲಸವನ್ನು ಗಾಳಿಗೆ ಬಹುಪಾಲು, ಆಯಿಲ್‌ಗೆ ಒಂದಿಷ್ಟು ಎಂದು ಹಂಚಿದ್ದಾರೆ. ಹಂಚಿಕೆ ಅಂದಮೇಲೆ ಯಾರಿಗಾದರೂ ಕಡಿಮೆ ಬೀಳಲೇಬೇಕಲ್ಲ! ಈ ಮನೆಯಲ್ಲಿ ಆ ಪಾಪದವನು ಮೂರನೇ ಸಿಲಿಂಡರ್.

ಮೊದಲು ಮನೆ ನೋಡೋಣ. ಕ್ರ್ಯಾಂಕ್ ಕೇಸ್, ಅಂದರೆ ಎಂಜಿನ್ನಿನ ಹೊರಗೂಡು, ಮೆಗ್ನೀಷಿಯಂ ಮಿಶ್ರಲೋಹದ್ದು. ಕಡಲೆಕಾಯಿ ಸಿಪ್ಪೆಯ ಹಾಗೆ ಉದ್ದಕ್ಕೆ ಎರಡು ಹೋಳು. ಒಳಗೆ ಪಿಸ್ಟನ್ನುಗಳ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕು, ಅದರ ಕೆಳಗೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮು. ಕ್ಯಾಮಿನ ಮೇಲಿರುವುದು ನಾಲ್ಕೇ ಉಬ್ಬು. ಒಂದೊಂದು ಉಬ್ಬು ಎಡಕ್ಕೊಂದು ಬಲಕ್ಕೊಂದು ಟ್ಯಾಪೆಟ್ (ವಾಲ್ವಿನ ಕಡೆಗೆ ಒತ್ತಡ ಸಾಗಿಸುವ ತುಂಡು) ತಳ್ಳುವುದರಿಂದ ಎಂಟು ವಾಲ್ವ್‌ಗೂ ಅಷ್ಟೇ ಸಾಕು. ಇಷ್ಟು ಜಿಪುಣತನ ಮೆಚ್ಚುವಂಥದ್ದೇ.

ಕ್ರ್ಯಾಂಕಿಗೆ ನಾಲ್ಕು ಮೇನ್ ಬೇರಿಂಗು. ಎರಡನೆಯದು ಮಾತ್ರ ಎರಡು ಹೋಳಿನದು, ಮಿಕ್ಕ ಮೂರೂ ಬಳೆಯಂತೆ ಇಡಿಯಾಗಿರುತ್ತವೆ. ಕೇಸಿನಲ್ಲಿರುವ ಸಣ್ಣ ಪಿನ್ನು ಬೇರಿಂಗಿನ ತೂತಿನೊಳಗೆ ಸರಿಯಾಗಿ ಕೂರಬೇಕು. ಕೂರದೆ ನಟ್ಟು ಬಿಗಿದರೆ ಬೇರಿಂಗ್ ಜಜ್ಜಿಹೋಗುತ್ತದೆ. ಅದಕ್ಕೇ ಕೇಸಿನ ದೊಡ್ಡ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಪ್ರತಿ ಸುತ್ತಿಗೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಾದರೂ ಹಿಡಿಯಿತೋ, ಅಲ್ಲೇ ನಿಲ್ಲಿಸಿ ಬಿಚ್ಚುವುದು. ಇನ್ನೊಂದು ಸುತ್ತು ಬಿಗಿದರೆ ಸರಿಹೋದೀತು ಎನ್ನುವವರು ಸ್ಪ್ಯಾನರ್ ಕೆಳಗಿಡುವುದು ವಾಸಿ.

ಕೇಸಿನ ಎರಡೂ ಪಕ್ಕೆಗೆ ಎರಡೆರಡು ಎರಕದ ಕಬ್ಬಿಣದ ಸಿಲಿಂಡರು, ಮೈತುಂಬ ರೆಕ್ಕೆ. 1600 ಎಂಜಿನ್ನಿನಲ್ಲಿ ಬೋರ್ (ಒಳವ್ಯಾಸ) 85.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 69 ಮಿ.ಮೀ. ಸಿಲಿಂಡರಿನ ತುದಿಗೆ ಅಲ್ಯೂಮಿನಿಯಂ ಹೆಡ್ಡನ್ನು ಒತ್ತಿ, ಉದ್ದನೆಯ ಸ್ಟಡ್ಡುಗಳಿಂದ (ತಲೆಯಿಲ್ಲದ ಬೋಲ್ಟುಗಳಿಂದ) ಕೇಸಿಗೆ ಬಿಗಿದಿರುತ್ತಾರೆ. ಬಿಗಿಯಬೇಕಾದ ಬಲ 8 ಮಿ.ಮೀ. ಸ್ಟಡ್ಡಿಗೆ 25 ನ್ಯೂಟನ್ ಮೀಟರ್, 10 ಮಿ.ಮೀ. ಸ್ಟಡ್ಡಿಗೆ 32. ತೋಳ್ಬಲ ತೋರಿಸಲು ಹೋದರೆ ಮೆಗ್ನೀಷಿಯಂ ಒಳಗಿನ ತಿರುಪಿನ ಮರೆಯೇ ಕಿತ್ತು ಸ್ಟಡ್ಡಿನ ಜೊತೆ ಹೊರಗೆ ಬರುತ್ತದೆ.

ಈಗ ಮೂರನೆಯವನ ವಿಷಯ. ಇವನ ಜಾಗ ಎಡಬದಿ, ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿನ ಪಕ್ಕ. ಹಳೆಯ ಮಾದರಿಗಳಲ್ಲಿ ಫ್ಯಾನ್ ಹೌಸಿಂಗಿನೊಳಗೆ, ಸರಿಯಾಗಿ ಇವನ ನೆತ್ತಿಯ ಮೇಲೆ, ಆಯಿಲ್ ಕೂಲರ್ ನಿಂತಿರುತ್ತದೆ. ಫ್ಯಾನು ಊದಿದ ತಂಗಾಳಿಯನ್ನು ಮೊದಲು ಕೂಲರ್ ಅನುಭವಿಸಿ, ಬಿಸಿಮಾಡಿ, ಆಮೇಲೆ ಇವನಿಗೆ ಕೊಡುತ್ತದೆ. ಅಣ್ಣ ಹಾಕಿ ಬಿಟ್ಟ ಅಂಗಿ ತಮ್ಮನಿಗೆ ಬಂದ ಹಾಗೆ. 1971ರ ಮಾದರಿಯಿಂದ ಕೂಲರನ್ನು ಮುಂದಕ್ಕೆ ಸರಿಸಿ ಬೇರೆ ಗೂಡು ಕಟ್ಟಿಕೊಟ್ಟರು. ಅದಕ್ಕೆ ನಾಯಿಗೂಡು ಎಂದೇ ಅಡ್ಡಹೆಸರು. ಕೂಲರಿನ ಬಿಸಿಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಬಿಸಿ ಹೆಚ್ಚಾದಾಗ ಮೊದಲು ನರಳುವುದು ಸುಟ್ಟ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್. ತಾನು ಕುಡಿದ ಬಿಸಿಯನ್ನು ಅದು ಸೀಟಿನ ಮೇಲೆ ಕೂತಾಗಲೇ ಹೆಡ್ಡಿಗೆ ದಾಟಿಸಬೇಕು. ವಾಲ್ವಿಗೂ ಅದನ್ನು ಒತ್ತಿ ತೆರೆಯುವ ರಾಕರಿಗೂ ನಡುವೆ ಎಂಜಿನ್ ತಣ್ಣಗಿದ್ದಾಗ 0.15 ಮಿ.ಮೀ. ಸಂದಿರಬೇಕೆನ್ನುವುದು ಇದಕ್ಕೇ. ಸಂದು ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಇಳಿಯುವುದಿಲ್ಲ, ಅಂಚು ಸುಡುತ್ತದೆ, ಕಾಂಡ ಹಿಗ್ಗುತ್ತದೆ. ಕೊನೆಗೊಂದು ದಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬೀಳುತ್ತದೆ. ಟಕಟಕ ಸದ್ದು ಮಾಡುವ ವಾಲ್ವಿಗಿಂತ ಸದ್ದೇ ಮಾಡದ ವಾಲ್ವಿಗೆ ಹೆಚ್ಚು ಹೆದರಬೇಕು.

ಅಳೆಯುವುದು ಕಷ್ಟವಲ್ಲ, ಆದರೆ ಎಂಜಿನ್ ರಾತ್ರಿಯೆಲ್ಲ ತಣಿದಿರಬೇಕು. ಕ್ರ್ಯಾಂಕಿನ ಪುಲ್ಲಿಯ ಮೇಲಿನ, ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರುವ ಟಿಡಿಸಿ ಗುರುತನ್ನು ಕೇಸಿನ ಕೂಡುಗೆರೆಗೆ ತಂದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಅದರ ಅಂಚಿನ ಗೀಟಿನ ಕಡೆ ನೋಡುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡು ಒಂದನೆಯದರ ಎರಡೂ ವಾಲ್ವ್ ಸರಿಮಾಡುವುದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹತ್ತುವ ಸರದಿ, 1-4-3-2. ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಹೋದರೆ 1, 2, 3, 4 ಎಂದು ಮಗ್ಗಿಯಂತೆ ಸರದಿ ಬರುತ್ತದೆ, ಗೊಂದಲವೇ ಇಲ್ಲ. ಪ್ರತಿಸಲ ನೋಡಿದಾಗಲೂ ಒಂದೇ ಎಕ್ಸಾಸ್ಟ್ ವಾಲ್ವಿನ ಸಂದು ಕಿರಿದಾಗಿದ್ದರೆ ಸ್ಕ್ರೂ ತಿರುಗಿಸಿ ಸುಮ್ಮನಾಗುವಂತಿಲ್ಲ. ವಾಲ್ವ್ ಉದ್ದವಾಗುತ್ತಿದೆ, ಇಲ್ಲವೇ ಸೀಟು ಸವೆಯುತ್ತಿದೆ. ಹೆಡ್ ಇಳಿಸಿ ನೋಡುವುದೇ ದಾರಿ.

ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಗಾಳಿಗೆ ದಾರಿ ತೋರುವ ಒಂದೆರಡು ತಗಡು ಹೊರಗುಳಿಯುವುದುಂಟು. ಸಿಲಿಂಡರುಗಳ ಅಡಿಯ ತಗಡಂತೂ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಿಲ್ಲದೆಯೂ ಎಂಜಿನ್ ಓಡುತ್ತದೆ. ಆದರೆ ಗಾಳಿ ಸೋಮಾರಿ, ಸುಲಭದ ದಾರಿ ಸಿಕ್ಕರೆ ರೆಕ್ಕೆಗಳ ಸಂದಿಗೆ ನುಗ್ಗುವುದಿಲ್ಲ. ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಹರಿದಿದ್ದರೆ ಕೆಳಗೆ ಕಾದ ಗಾಳಿಯೇ ಮೇಲೇರಿ ಮತ್ತೆ ಫ್ಯಾನಿನ ಬಾಯಿಗೆ ಬೀಳುತ್ತದೆ.

ಆ ಫ್ಯಾನನ್ನು ತಿರುಗಿಸುವುದು ಡೈನಮೋ, ಡೈನಮೋವನ್ನು ತಿರುಗಿಸುವುದು ಒಂದೇ ಒಂದು ಬೆಲ್ಟು. ಡೈನಮೋ ದೀಪ ಹೊತ್ತಿತೆಂದರೆ ಬ್ಯಾಟರಿಯ ಚಿಂತೆ ಆಮೇಲೆ. ಮೊದಲು ಕಾರನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಬೇಕು. ಬೆಲ್ಟು ತುಂಡಾಗಿದ್ದರೆ ಆಗಷ್ಟೇ ನಾಲ್ವರಿಗೂ ಸಮಪಾಲು, ಯಾರಿಗೂ ಗಾಳಿಯಿಲ್ಲ. ಸಡಿಲವಾಗಿದ್ದರೆ ಡೈನಮೋ ಪುಲ್ಲಿಯ ನಟ್ಟು ಬಿಚ್ಚಿ, ಎರಡು ಹೋಳುಗಳ ನಡುವಿನ ಒಂದು ಶಿಮ್ (ತೆಳು ಲೋಹದ ಬಿಲ್ಲೆ) ತೆಗೆದರೆ ಬಿಗಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ 15 ಮಿ.ಮೀ.ನಷ್ಟು ತಗ್ಗಬೇಕು. ತೆಗೆದ ಶಿಮ್ಮನ್ನು ಜೇಬಿಗೆ ಹಾಕಬೇಡಿ. ಪುಲ್ಲಿಯ ಹೊರಗೆ, ಅದೇ ನಟ್ಟಿನ ಅಡಿಯಲ್ಲಿ ಅದಕ್ಕೆ ಜಾಗವಿದೆ. ಹೊಸ ಬೆಲ್ಟು ಹಾಕುವ ದಿನ ಬೇಕಾಗುತ್ತದೆ.